ಮಗಳಿಗೆ ಕಾಡು ಕುದುರೆ ಬೇಕಂತೆ: ಮಸ್ಟ್ಯಾಂಗ್ ದತ್ತು ಮತ್ತು ಗೆಳೆತನ, ಹಂತ ಹಂತವಾಗಿ

"ಮಗಳು ಕಾಡು ಕುದುರೆ ಬೇಕು ಅಂತ ಹಠ ಹಿಡಿದಿದ್ದಾಳೆ. ಸರ್ಕಾರವೇ ಕೊಡುತ್ತದಂತೆ, ನಿಜವಾ?" ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿರುವ ಕನ್ನಡದ ಅಪ್ಪ ಅಮ್ಮಂದಿರು ಈ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾರೆ. ನನ್ನ ಮಗಳು ಹನ್ನೆರಡನೇ ವಯಸ್ಸಿನಲ್ಲಿ ಒಂದು ಕಾಡು ಕುದುರೆಯ ಜೊತೆ ಗೆಳೆತನ ಬೆಳೆಸಿದಳು. ಅದಕ್ಕೇ ನನ್ನನ್ನು ಕೇಳುತ್ತಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ.

ಹೌದು, ನಿಜ. ಸರ್ಕಾರ ದತ್ತು ಕೊಡುತ್ತದೆ. ಮಗುವೊಂದು ಕಾಡು ಕುದುರೆಯ ಗೆಳೆತನ ಮಾಡುವುದೂ ಸಾಧ್ಯ. ಆದರೆ ಆ ಗೆಳೆತನ ಯಾವಾಗ ಶುರುವಾಗಬೇಕು ಎನ್ನುವುದನ್ನು ಕುದುರೆಯೇ ತೀರ್ಮಾನ ಮಾಡುತ್ತದೆ. ಮಗುವೂ ಅಲ್ಲ, ನೀವೂ ಅಲ್ಲ. ಕೆಳಗಿನ ಪ್ರತಿ ಹಂತವೂ ಈ ಒಂದು ಮಾತಿನ ಮೇಲೆ ನಿಂತಿದೆ.

ಮೊದಲು ಸ್ವಲ್ಪ ಹಿನ್ನೆಲೆ. ಇಲ್ಲಿನ ಕಾಡು ಕುದುರೆಗೆ ಮಸ್ಟ್ಯಾಂಗ್ ಎನ್ನುತ್ತಾರೆ. ಒಡೆಯನಿಲ್ಲದ ದನಕರುಗಳಿಗೆ ಸ್ಪ್ಯಾನಿಷ್ ಭಾಷೆಯಲ್ಲಿದ್ದ ಹೆಸರಿನಿಂದ ಈ ಮಾತು ಬಂತು. ಸ್ಪೇನಿನವರು ಹಡಗಿನಲ್ಲಿ ತಂದ ಕುದುರೆಗಳು, ಆಮೇಲೆ ರೈತರಿಂದ, ಸೈನ್ಯದಿಂದ ತಪ್ಪಿಸಿಕೊಂಡವು ಎಲ್ಲ ಸೇರಿ ಈ ಹಿಂಡುಗಳಾದವು. ಒಂದು ಕಾಲದಲ್ಲಿ ಇವುಗಳನ್ನು ಹಿಡಿದು ಮಾಂಸಕ್ಕೆ ಮಾರುತ್ತಿದ್ದರು. ನೆವಾಡಾದ ವೆಲ್ಮಾ ಜಾನ್‌ಸ್ಟನ್ ಎಂಬ ಹೆಣ್ಣುಮಗಳು ಇದರ ವಿರುದ್ಧ ಇಪ್ಪತ್ತು ವರ್ಷ ಹೋರಾಡಿದರು. ಅವರ ಜೊತೆಗೆ ನಿಂತವರು ಶಾಲೆಯ ಮಕ್ಕಳು. ದೇಶದ ಮೂಲೆ ಮೂಲೆಯಿಂದ ಮಕ್ಕಳು ಸಂಸತ್ತಿಗೆ ಕಾಗದ ಬರೆದರು. 1971ರ ಡಿಸೆಂಬರ್ 15ರಂದು ಕಾಡು ಕುದುರೆ ಮತ್ತು ಕತ್ತೆಗಳ ರಕ್ಷಣೆಯ ಕಾನೂನಿಗೆ ಸಹಿ ಬಿತ್ತು. ನಿಮ್ಮ ಮಗುವಿಗೆ ಈ ಕಥೆ ಮೊದಲು ಹೇಳಿ. ಈ ಕುದುರೆಗಳು ಉಳಿದಿರುವುದರಲ್ಲಿ ಅವರಂಥ ಮಕ್ಕಳ ಪಾಲೂ ಇದೆ.

ಆ ಕಾನೂನಿನ ಪ್ರಕಾರ ಕಾಡು ಕುದುರೆಯನ್ನು ಯಾರೂ ತಾವಾಗಿ ಹಿಡಿಯುವಂತಿಲ್ಲ, ಅಟ್ಟಾಡಿಸುವಂತಿಲ್ಲ. ಹೆಚ್ಚಿನ ಹಿಂಡುಗಳನ್ನು ನೋಡಿಕೊಳ್ಳುವುದು ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್, ಅಂದರೆ ಸರ್ಕಾರಿ ಭೂಮಿಯ ಇಲಾಖೆ. ಚಿಕ್ಕದಾಗಿ ಬಿಎಲ್‌ಎಂ. ಮೇವು ನೀರು ಸಾಲದಷ್ಟು ಹಿಂಡು ಬೆಳೆದಾಗ ಕೆಲವನ್ನು ಹಿಡಿದು ತಂದು ದತ್ತು ಕೊಡುತ್ತಾರೆ.

1. ಮೊದಲು ಮನೆಯಲ್ಲಿ ಮಾತಾಡಿ

ದತ್ತು ತೆಗೆದುಕೊಳ್ಳುವವರಿಗೆ 18 ವರ್ಷ ಆಗಿರಬೇಕು. ಅಂದರೆ ಕಾಗದದಲ್ಲಿ ದತ್ತು ನಿಮ್ಮ ಹೆಸರಿಗೆ, ಮಗುವಿನ ಹೆಸರಿಗಲ್ಲ. ಪ್ರಾಣಿ ಹಿಂಸೆಯ ಕೇಸಿನಲ್ಲಿ ಶಿಕ್ಷೆ ಆಗಿರಬಾರದು. ಕುದುರೆಯನ್ನು ಅಮೆರಿಕದೊಳಗೇ ಇಟ್ಟುಕೊಳ್ಳಬೇಕು.

ನಮ್ಮವರು ಯೋಚಿಸಬೇಕಾದ್ದು ಇಲ್ಲೇ. ಎರಡು ಮೂರು ವರ್ಷದಲ್ಲಿ ಊರಿಗೆ ವಾಪಸ್ ಹೋಗುವ ಯೋಚನೆ ಇದೆಯಾ? ವೀಸಾ ಇನ್ನೂ ತೂಗಾಡುತ್ತಿದೆಯಾ? ಹಾಗಿದ್ದರೆ ದಯವಿಟ್ಟು ಬೇಡ. ಕುದುರೆ 25, 30 ವರ್ಷ ಬದುಕುತ್ತದೆ. ಮಗಳಿಗೆ ಈಗ 12 ಅಂದರೆ, ಇನ್ನಾರು ವರ್ಷಕ್ಕೆ ಅವಳು ಕಾಲೇಜಿಗೆ ಹೊರಡುತ್ತಾಳೆ. ಆಗ ಬೆಳಿಗ್ಗೆ ಐದೂವರೆಗೆ ಹುಲ್ಲು ಹಾಕುವವರು ಯಾರು? ಉತ್ತರ "ನಾನು" ಅಂತ ಅಪ್ಪನೋ ಅಮ್ಮನೋ ಮನಸಾರೆ ಹೇಳಿದರೆ ಮಾತ್ರ ಮುಂದೆ ಓದಿ.

ಖರ್ಚಿನ ಬಗ್ಗೆಯೂ ಸ್ಪಷ್ಟ ಇರಲಿ. ಪಳಗಿಸದ ಕುದುರೆಯ ದತ್ತು ಶುಲ್ಕ 125 ಡಾಲರಿನಿಂದ ಶುರು. ಇಷ್ಟು ಅಗ್ಗವಾ ಅಂತ ಮೋಸ ಹೋಗಬೇಡಿ. ಕುದುರೆ ದಿನಕ್ಕೆ ತನ್ನ ತೂಕದ ನೂರಕ್ಕೆ ಎರಡರಷ್ಟು ಒಣಹುಲ್ಲು ತಿನ್ನುತ್ತದೆ. 400 ಕಿಲೋ ಕುದುರೆಗೆ ದಿನಕ್ಕೆ 8 ಕಿಲೋ, ತಿಂಗಳಿಗೆ 240 ಕಿಲೋ. ಇದರ ಮೇಲೆ ಪಶುವೈದ್ಯರು, ಗೊರಸು ಕತ್ತರಿಸುವವರು, ಜಂತುಹುಳದ ಔಷಧಿ, ಲಸಿಕೆ, ತರಬೇತಿ. ನಿಮಗೆ ಸ್ವಂತ ಜಾಗ ಇಲ್ಲದಿದ್ದರೆ ಲಾಯದ ಬಾಡಿಗೆ ಬೇರೆ. ಪಳಗದ ಕುದುರೆಯನ್ನು ಎಷ್ಟೋ ಲಾಯಗಳು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಅದನ್ನು ಮೊದಲೇ ಕೇಳಿ.

ಇನ್ನೊಂದು. ಮಗು ಮೊದಲು ಪಳಗಿದ ಕುದುರೆಗಳ ಜೊತೆ ಕಡೇಪಕ್ಷ ಒಂದು ವರ್ಷ ಕೆಲಸ ಮಾಡಿರಲಿ. ಸವಾರಿ ಶಾಲೆ ಇರಬಹುದು, ಊರಿನ ಫೋರ್ ಎಚ್ ಮಕ್ಕಳ ಸಂಘದ ಕುದುರೆ ವಿಭಾಗ ಇರಬಹುದು. ಸಗಣಿ ಬಾಚಿ, ಬಕೆಟ್ ಹೊತ್ತು, ಚಳಿಯಲ್ಲಿ ನಿಂತ ಮೇಲೂ ಆಸೆ ಉಳಿದಿದ್ದರೆ ಅದು ನಿಜವಾದ ಆಸೆ.

2. ಕಾಡಿನಲ್ಲೇ ಹೋಗಿ ನೋಡಿ

ಈ ಹಂತವನ್ನು ಬಿಡಬೇಡಿ. ಮೊಂಟಾನಾ ಮತ್ತು ವಯೋಮಿಂಗ್ ಗಡಿಯ ಪ್ರಯರ್ ಬೆಟ್ಟಗಳು, ಕೋಡಿ ಪಟ್ಟಣದ ಹತ್ತಿರದ ಮೆಕಲಾ ಪೀಕ್ಸ್, ಯೂಟಾದ ಒನಾಕಿ. ಇಲ್ಲೆಲ್ಲ ಹಿಂಡುಗಳನ್ನು ನೋಡಬಹುದು. ದೂರದಿಂದಲೇ ನೋಡಿ, ಹತ್ತಿರ ಹೋಗಬೇಡಿ. ಒಂದು ದುರ್ಬೀನು ಸಾಕು.

ಮಗುವಿನ ಕೈಗೆ ಒಂದು ಪುಸ್ತಕ ಕೊಡಿ. ಯಾವ ಕುದುರೆ ಮೊದಲು ನೀರಿಗೆ ಹೋಗುತ್ತದೆ, ಯಾವುದು ಯಾವುದರ ಪಕ್ಕ ನಿಲ್ಲುತ್ತದೆ, ಯಾರು ಯಾರ ಕತ್ತು ಕೆರೆಯುತ್ತಾರೆ ಅಂತ ಬರೆದಿಡಲಿ. ಒಂದು ಗಂಡು, ಕೆಲವು ಹೆಣ್ಣು, ಅವುಗಳ ಮರಿಗಳು. ಇದು ಒಂದು ಮನೆತನ. ಪ್ರಾಯದ ಗಂಡುಗಳು ಬೇರೆ ಗುಂಪು ಕಟ್ಟಿಕೊಂಡು ತಿರುಗುತ್ತವೆ. ಕುದುರೆ ಒಂಟಿ ಪ್ರಾಣಿ ಅಲ್ಲ ಎನ್ನುವುದು ಇಲ್ಲಿ ಕಣ್ಣಿಗೇ ಕಾಣುತ್ತದೆ. ಆಮೇಲೆ ನಿಮ್ಮ ಹಿತ್ತಲಲ್ಲಿ ಒಂದನ್ನೇ ತಂದು ಕಟ್ಟುವ ಯೋಚನೆ ಮಗುವೇ ಬಿಡುತ್ತದೆ. ಜೊತೆಗೆ ಇನ್ನೊಂದು ಕುದುರೆಯೋ ಕತ್ತೆಯೋ ಬೇಕೇ ಬೇಕು.

ಎಚ್ಚರ: ಒಂದು ಸೇಬನ್ನೂ ಕೊಡಬೇಡಿ. ಪೂರ್ವ ಕರಾವಳಿಯ ಅಸಟೀಗ್ ದ್ವೀಪದಲ್ಲೂ ಕಾಡು ಕುದುರೆಗಳಿವೆ. ಅಲ್ಲಿ ತಿನ್ನಿಸುವುದು ಕಾನೂನಿಗೆ ವಿರುದ್ಧ. ಕಾರಿನ ಕಿಟಕಿಯಿಂದ ತಿಂಡಿ ಸಿಗುತ್ತದೆ ಅಂತ ಗೊತ್ತಾದ ಕುದುರೆ ರಸ್ತೆಗೆ ಬರುತ್ತದೆ. ರಸ್ತೆಗೆ ಬಂದ ಕುದುರೆ ಕಾರಿಗೆ ಸಿಕ್ಕಿ ಸಾಯುತ್ತದೆ. ಪ್ರೀತಿಯಿಂದ ಕೊಟ್ಟ ಸೇಬೇ ಅದರ ಸಾವಿಗೆ ಕಾರಣ ಆಗಬಹುದು.

ಕೆಲವು ಮಕ್ಕಳಿಗೆ ಇಷ್ಟೇ ಸಾಕಾಗುತ್ತದೆ. ವರ್ಷಕ್ಕೆ ಎರಡು ಸಲ ಹೋಗಿ ಅದೇ ಹಿಂಡನ್ನು ಹುಡುಕುವುದು, ಹೋದ ವರ್ಷದ ಮರಿಯ ಗುರುತು ಹಿಡಿಯುವುದು. ಅದೂ ಗೆಳೆತನವೇ. ಅದಕ್ಕೆ ಬೇಲಿಯೂ ಬೇಡ, ಶುಲ್ಕವೂ ಬೇಡ.

3. ಯಾವ ಕುದುರೆ?

ಎಲ್ಲರೂ ಮಾಡುವ ತಪ್ಪು: ಪುಟ್ಟ ಮಗುವಿಗೆ ಪುಟ್ಟ ಮರಿ. ಇಬ್ಬರೂ ಜೊತೆಗೆ ಬೆಳೆಯಲಿ ಎಂಬ ಆಸೆ ಚೆಂದ. ಆದರೆ ಇಬ್ಬರಿಗೂ ಏನೂ ಗೊತ್ತಿರುವುದಿಲ್ಲ. ಒಂದು ವರ್ಷದ ಮರಿ ಕಚ್ಚುತ್ತದೆ, ಮುಂಗಾಲೆತ್ತಿ ಆಡಲು ಬರುತ್ತದೆ. ಅದಕ್ಕೆ ಅದು ಆಟ, ಮಗುವಿಗೆ ಪೆಟ್ಟು.

ನನ್ನ ಮಾತು ಕೇಳುವುದಾದರೆ ನಾಲ್ಕರಿಂದ ಎಂಟು ವರ್ಷದ, ಬೀಜ ತೆಗೆಸಿದ ಗಂಡು ಕುದುರೆ ನೋಡಿ. ಇಂಥದ್ದಕ್ಕೆ ಇಲ್ಲಿ ಗೆಲ್ಡಿಂಗ್ ಎನ್ನುತ್ತಾರೆ. ಇದರ ಸ್ವಭಾವ ಹೆಚ್ಚಾಗಿ ಒಂದೇ ಸಮ ಇರುತ್ತದೆ. ಅದರಲ್ಲೂ ಒಬ್ಬ ತರಬೇತುದಾರರು ಆಗಲೇ ಮುಟ್ಟಿ, ಹಗ್ಗ ಹಾಕಿ, ಗೊರಸು ಎತ್ತಲು ಕಲಿಸಿದ ಕುದುರೆ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಶುಲ್ಕ ಜಾಸ್ತಿ ಇರಬಹುದು, ಮಗುವಿನ ಜೀವಕ್ಕಿಂತ ಜಾಸ್ತಿ ಅಲ್ಲ. ನೆವಾಡಾದ ಕಾರ್ಸನ್ ಸಿಟಿಯ ಜೈಲಿನಲ್ಲಿ ಕೈದಿಗಳು ಕಾಡು ಕುದುರೆ ಪಳಗಿಸಿ ದತ್ತಿಗೆ ಸಿದ್ಧ ಮಾಡುತ್ತಾರೆ.

ಎತ್ತರವನ್ನು 'ಹ್ಯಾಂಡ್' ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಹ್ಯಾಂಡ್ ಅಂದರೆ 4 ಇಂಚು. ಹೆಗಲು ಬೆನ್ನು ಸೇರುವ ಜಾಗದವರೆಗೆ ಅಳೆಯುತ್ತಾರೆ. ಮಸ್ಟ್ಯಾಂಗ್ ಸಾಮಾನ್ಯವಾಗಿ 13ರಿಂದ 15 ಹ್ಯಾಂಡ್. ಕತ್ತಿನ ಎಡಗಡೆ ಬಿಳಿ ಗೆರೆಗಳ ಗುರುತು ಇರುತ್ತದೆ. ಇದಕ್ಕೆ ಫ್ರೀಜ್ ಮಾರ್ಕ್ ಎನ್ನುತ್ತಾರೆ. ತುಂಬಾ ತಣ್ಣಗೆ ಮಾಡಿದ ಲೋಹದ ಮುದ್ರೆ ಒತ್ತಿದಾಗ ಆ ಜಾಗದ ಕೂದಲು ಬೆಳ್ಳಗೆ ಬೆಳೆಯುತ್ತದೆ. ಹುಟ್ಟಿದ ವರ್ಷ, ನೋಂದಣಿ ಸಂಖ್ಯೆ ಎರಡೂ ಆ ಗೆರೆಗಳಲ್ಲೇ ಇವೆ. ಅದನ್ನು ಓದುವುದನ್ನು ಮಗುವಿಗೆ ಕಲಿಸಿ, ತುಂಬಾ ಖುಷಿಪಡುತ್ತಾರೆ.

ಬಣ್ಣ ನೋಡಿ ಆರಿಸಬೇಡಿ. ಬಿಎಲ್‌ಎಂ ದೊಡ್ಡಿಯ ಹೊರಗೆ ಒಂದು ಗಂಟೆ ಸುಮ್ನೆ ನಿಲ್ಲಿ. ಗಾಬರಿಯಾಗಿ ಓಡಿದರೂ ಬೇಗ ನಿಂತು, ತಿರುಗಿ, ನಿಮ್ಮನ್ನು ನೋಡುವ ಕುದುರೆ ಇರುತ್ತದಲ್ಲ, ಅದು ಒಳ್ಳೆಯದು.

4. ದೊಡ್ಡಿ ಮೊದಲು, ಕುದುರೆ ಆಮೇಲೆ

ಅರ್ಜಿಯ ಜೊತೆ ಜಾಗದ ವಿವರವನ್ನೂ ಕೊಡಬೇಕು. ಒಂದು ಕುದುರೆಗೆ ಕಡೇಪಕ್ಷ 400 ಚದರ ಅಡಿ, ಅಂದರೆ 20 ಅಡಿಗೆ 20 ಅಡಿ. ಪಳಗದ ದೊಡ್ಡ ಕುದುರೆಗೆ ಬೇಲಿ 6 ಅಡಿ ಎತ್ತರ, ಒಂದೂವರೆ ವರ್ಷದೊಳಗಿನ ಮರಿಗೆ 5 ಅಡಿ. ಕೊಳವೆ, ಗಟ್ಟಿ ಹಲಗೆ, ಮರದ ಕಂಬ ಆಗುತ್ತದೆ. ಮುಳ್ಳುತಂತಿ ಕೂಡದು. ಬಿಸಿಲು, ಹಿಮ, ಗಾಳಿಗೆ ಮರೆಯಾಗಿ ಒಂದು ಸೂರು ಬೇಕು. ದಿನಕ್ಕೆ 20ರಿಂದ 40 ಲೀಟರ್ ನೀರು ಬೇಕು, ಚಳಿಗಾಲದಲ್ಲಿ ಅದು ಹೆಪ್ಪುಗಟ್ಟದಂತೆ ನೋಡಿಕೊಳ್ಳಬೇಕು.

ಟ್ರೇಲರ್ ಬಗ್ಗೆ ಹಲವರು ಎಡವುತ್ತಾರೆ. ಮೇಲೆ ಮುಚ್ಚಿರಬೇಕು, ಹಿಂಬಾಗಿಲು ಪಕ್ಕಕ್ಕೆ ತೆರೆಯಬೇಕು. ಕೆಳಕ್ಕೆ ಇಳಿಬಿಡುವ ಹಲಗೆ ಬಾಗಿಲಿನ ಟ್ರೇಲರ್ ತಂದರೆ ಕುದುರೆ ಹತ್ತಿಸಿ ಕೊಡುವುದಿಲ್ಲ. ಬಾಡಿಗೆಗೆ ಗೊತ್ತುಮಾಡುವಾಗಲೇ ವಿಚಾರಿಸಿ.

ಮೇವಿನಲ್ಲಿ ಪ್ರೀತಿ ತೋರಿಸಬೇಡಿ. ಕುದುರೆ ಅಂದ ಕೂಡಲೇ ನಮಗೆ ಹುರುಳಿ ನೆನಪಾಗುತ್ತದೆ, ಅಲ್ವಾ? ಒಣ ಬಯಲಿನ ಒರಟು ಹುಲ್ಲು ತಿಂದು ಬೆಳೆದ ಹೊಟ್ಟೆ ಇದು. ತಕ್ಷಣ ಕಾಳು, ಬೆಲ್ಲ, ಇಲ್ಲವೇ ನಮ್ಮ ಕಡೆ ಕುದುರೆ ಮೆಂತೆ ಎನ್ನುವ ಲ್ಯೂಸರ್ನ್ ಸೊಪ್ಪನ್ನು ರಾಶಿ ಹಾಕಿದರೆ ಹೊಟ್ಟೆ ಕೆಡುತ್ತದೆ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಹಾಗಾಗಿ ಅದರ ಹೊಟ್ಟೆನೋವು, ಅಂದರೆ ಕಾಲಿಕ್, ಜೀವಕ್ಕೇ ಕುತ್ತು. ಗೊರಸಿನೊಳಗೆ ಊತ ಬಂದು ಕುಂಟುವ ಲ್ಯಾಮಿನೈಟಿಸ್ ಎಂಬ ರೋಗವೂ ಬರಬಹುದು. ಬಿಎಲ್‌ಎಂ ದೊಡ್ಡಿಯಲ್ಲಿ ಏನು ತಿನ್ನುತ್ತಿತ್ತು ಅಂತ ಕೇಳಿ ಅದನ್ನೇ ಹಾಕಿ. ಬದಲಾಯಿಸುವುದಿದ್ದರೆ ಹತ್ತು ದಿನದಲ್ಲಿ ಸ್ವಲ್ಪ ಸ್ವಲ್ಪವಾಗಿ ಬದಲಾಯಿಸಿ.

5. ಮೊದಲ ವಾರಗಳು: ಬೇಲಿಯ ಹೊರಗೆ ಕುಳಿತುಕೊಳ್ಳುವುದು

ಮಗು ನಿಜವಾಗಿ ಮಾಡಬಹುದಾದ, ದೊಡ್ಡವರಿಗಿಂತ ಚೆನ್ನಾಗಿ ಮಾಡುವ ಕೆಲಸ ಇದು. ಬೇಲಿಯಿಂದ ಹತ್ತು ಅಡಿ ದೂರ ಒಂದು ಕುರ್ಚಿ ಹಾಕಿ. ದಿನಾ ಒಂದೇ ಹೊತ್ತಿಗೆ ಮಗು ಅಲ್ಲಿ ಕೂರಲಿ. ಕುದುರೆಯನ್ನು ದಿಟ್ಟಿಸಬಾರದು. ಪುಸ್ತಕ ಓದಲಿ, ಗಟ್ಟಿಯಾಗಿ. ನನ್ನ ಮಗಳು ಕನ್ನಡ ಮಗ್ಗಿ ಹೇಳುತ್ತಿದ್ದಳು. ಒಂದೊಂದ್ಲ ಒಂದು, ಒಂದೆರಡ್ಲ ಎರಡು. ಏರಿಳಿತ ಇಲ್ಲದ ಆ ದನಿ ಕುದುರೆಗೆ ಹಿಡಿಸಿತು. ಭಾಷೆ ಯಾವುದಾದರೂ ಆಗಲಿ, ದನಿ ಮೆತ್ತಗೆ, ಒಂದೇ ಸಮ ಇರಬೇಕು.

ಕುದುರೆಯ ಕಣ್ಣು ತಲೆಯ ಎರಡು ಪಕ್ಕದಲ್ಲಿವೆ. ಸುತ್ತಲೂ ಹೆಚ್ಚುಕಡಿಮೆ ಎಲ್ಲ ಕಾಣುತ್ತದೆ. ಹಣೆಯ ಮುಂದೆ ತೀರಾ ಹತ್ತಿರ ಮತ್ತು ಬಾಲದ ಹಿಂದೆ ಮಾತ್ರ ಕಾಣುವುದಿಲ್ಲ. ಕುದುರೆ ಹಿಂದೆ ಹೋಗಬೇಡ ಅಂತ ನಮ್ಮ ಹಿರಿಯರು ಹೇಳುತ್ತಿದ್ದದ್ದು ಇದಕ್ಕೇ. ಅದು ಬೇಟೆಗೆ ಸಿಕ್ಕುವ ಪ್ರಾಣಿ. ಕಾಣದ ಕಡೆಯಿಂದ ಏನೋ ಬಂದರೆ ಮೊದಲು ಒದೆಯುತ್ತದೆ, ಆಮೇಲೆ ನೋಡುತ್ತದೆ.

ಈ ವಾರಗಳಲ್ಲಿ ಮಗು ಕುದುರೆಯ ಮೈಮಾತು ಕಲಿಯಲಿ. ಕಿವಿ ನಿಮ್ಮ ಕಡೆ ತಿರುಗಿದರೆ ಗಮನ ನಿಮ್ಮ ಮೇಲಿದೆ. ಕಿವಿ ಹಿಂದಕ್ಕೆ ಒತ್ತಿ ಕತ್ತಿಗೆ ಅಂಟಿದರೆ ಸಿಟ್ಟು, ದೂರ ಸರಿಯಿರಿ. ತಲೆ ಮೇಲೆ, ಮೂಗಿನ ಹೊಳ್ಳೆ ಅಗಲ, ಬಾಲ ಬಿಗಿ ಅಂದರೆ ಭಯ. ತಲೆ ಇಳಿಯಿತು, ಒಂದು ಹಿಂಗಾಲು ಸಡಿಲ ಬಿಟ್ಟು ನಿಂತಿತು, ತುಟಿ ಚಪ್ಪರಿಸಿತು ಅಂದರೆ ಒಳಗಿನ ಬಿಗಿ ಸಡಿಲವಾಗುತ್ತಿದೆ. ಬರೀ ಹಿಂಗಾಲು ನೋಡಿ ತೀರ್ಮಾನಿಸಬೇಡಿ. ಒದೆಯುವ ಮುಂಚೆಯೂ ಹಿಂಗಾಲು ಮೇಲೇಳುತ್ತದೆ. ಕಿವಿ, ಬಾಲ, ಕಾಲು ಮೂರನ್ನೂ ಒಟ್ಟಿಗೆ ಓದಬೇಕು.

ಒಂದು ದಿನ ಕುದುರೆ ತಾನಾಗಿ ಬೇಲಿಯ ಹತ್ತಿರ ಬರುತ್ತದೆ. ಆಗ ಮಗು ಏನು ಮಾಡಬೇಕು ಗೊತ್ತಾ? ಎದ್ದು ನಾಲ್ಕು ಹೆಜ್ಜೆ ದೂರ ಹೋಗಬೇಕು. ವಿಚಿತ್ರ ಅನ್ನಿಸಬಹುದು. ಆದರೆ ಕುದುರೆಗೆ ಅತಿ ದೊಡ್ಡ ಬಹುಮಾನ ಸಕ್ಕರೆ ಅಲ್ಲ, ಬಿಡುವು. ನೀನು ಹತ್ತಿರ ಬಂದರೂ ನಾನು ಹಿಡಿಯುವುದಿಲ್ಲ ಅಂತ ತೋರಿಸಿದಷ್ಟೂ ಅದು ಮತ್ತೆ ಬರುತ್ತದೆ. ತರಬೇತುದಾರರು ಇದನ್ನು ಒತ್ತಡ ಮತ್ತು ಬಿಡುವು ಎನ್ನುತ್ತಾರೆ. ಮುಂದಿನ ಪಾಠಗಳೆಲ್ಲ ಇದರ ಮೇಲೆಯೇ ನಡೆಯುತ್ತವೆ.

6. ಮೊದಲ ಸ್ಪರ್ಶ

ಇದನ್ನು ಮಗು ಒಬ್ಬಳೇ ಮಾಡಬಾರದು. ನೀವೂ ಮಾಡಬೇಡಿ. ಮಸ್ಟ್ಯಾಂಗ್ ಪಳಗಿಸಿ ಅನುಭವ ಇರುವ ತರಬೇತುದಾರರನ್ನು ಕರೆಯಿರಿ. ಅವರು ಉದ್ದ ಬಿದಿರು ಕೋಲಿನ ತುದಿಯಿಂದ ಮೊದಲು ಹೆಗಲ ಹತ್ತಿರ ಮುಟ್ಟಿ, ಕುದುರೆ ನಿಂತ ಕ್ಷಣವೇ ಕೋಲು ತೆಗೆಯುತ್ತಾರೆ. ಮತ್ತೆ ಮುಟ್ಟುತ್ತಾರೆ, ಮತ್ತೆ ತೆಗೆಯುತ್ತಾರೆ. ಕೋಲು ನಿಧಾನವಾಗಿ ಗಿಡ್ಡವಾಗುತ್ತಾ ಬಂದು ಕೊನೆಗೆ ಕೈ ತಾಗುತ್ತದೆ.

ಮಗುವಿನ ಸರದಿ ಆಮೇಲೆ. ಹೆಗಲ ಕಡೆಯಿಂದ ಓರೆಯಾಗಿ ನಡೆದು ಹೋಗಬೇಕು, ನೇರ ಮುಖದ ಎದುರಿಗಲ್ಲ. ಮೊದಲು ಕೈಯ ಹಿಂಭಾಗ ಮೂಸಲು ಕೊಡಬೇಕು. ತಟ್ಟಬಾರದು, ಕೆರೆಯಬೇಕು. ಹೆಗಲ ಮೇಲೆ ಕುದುರೆಗಳು ಒಂದಕ್ಕೊಂದು ಕೆರೆದುಕೊಳ್ಳುವ ಜಾಗ ಇದೆಯಲ್ಲ, ಅಲ್ಲಿ. ಮೂರು ಸಲ ಕೆರೆದು ಕೈ ತೆಗೆದು ಹಿಂದೆ ಸರಿಯಬೇಕು. ಎರಡನೇ ಹಂತದಲ್ಲಿ ಬರೆದಿಟ್ಟ ಪುಸ್ತಕ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ದೊಡ್ಡಿಯೊಳಗೆ ಹೋಗುವ ಮಗುವಿಗೆ ಇಷ್ಟು ನಿಯಮ, ಒಂದು ದಿನವೂ ರಿಯಾಯಿತಿ ಇಲ್ಲದೆ: ಗಟ್ಟಿ ಬೂಟು, ಚಪ್ಪಲಿ ಬೇಡ. ಕುದುರೆ ಸವಾರಿಗೆಂದೇ ಪರೀಕ್ಷೆ ಮಾಡಿದ ಹೆಲ್ಮೆಟ್, ಸೈಕಲ್ಲಿನದ್ದಲ್ಲ. ಕಿವಿಗೆ ಇಯರ್‌ಫೋನ್ ಬೇಡ. ದೊಡ್ಡವರೊಬ್ಬರು ಬಾಗಿಲ ಹತ್ತಿರ ನಿಂತೇ ಇರಬೇಕು. ಮಂಡಿಯೂರಿ ಕೂರಬಾರದು, ಏಳಲು ಸಮಯ ಸಿಗುವುದಿಲ್ಲ. ಕೈಯಿಂದ ತಿಂಡಿ ಬೇಡವೇ ಬೇಡ. ಒಂದು ವಾರ ಕ್ಯಾರೆಟ್ ಕೊಟ್ಟರೆ ಎಂಟನೇ ದಿನ ಬೆರಳು ಕಚ್ಚುತ್ತದೆ. ತಪ್ಪು ಕುದುರೆಯದಲ್ಲ.

7. ಹಾಲ್ಟರ್ ಮತ್ತು ಹಗ್ಗ

ಹಾಲ್ಟರ್ ಅಂದರೆ ಮುಖಕ್ಕೆ ಹಾಕುವ ಪಟ್ಟಿ. ಲಗಾಮಿನಂತೆ ಬಾಯೊಳಗೆ ಕಬ್ಬಿಣ ಇರುವುದಿಲ್ಲ. ಅದಕ್ಕೆ ಹಗ್ಗ ಸೇರಿಸಿ ನಡೆಸುತ್ತಾರೆ.

ಈ ಲೇಖನದಲ್ಲಿ ಒಂದೇ ಸಾಲು ನೆನಪಿಡುವುದಾದರೆ ಇದನ್ನು ನೆನಪಿಡಿ: ಹಗ್ಗವನ್ನು ಕೈಗೆ, ಸೊಂಟಕ್ಕೆ ಎಂದೂ ಸುತ್ತಿಕೊಳ್ಳಬಾರದು. ಉಳಿದ ಹಗ್ಗವನ್ನು ಮಡಿಸಿ ಮುಷ್ಟಿಯಲ್ಲಿ ಹಿಡಿಯಬೇಕು. ಕುದುರೆ ಎಳೆದು ಓಡಿದರೆ ಬಿಟ್ಟುಬಿಡಬೇಕು. ದೊಡ್ಡಿಯೊಳಗೆ ಓಡಿದ ಕುದುರೆ ಎಲ್ಲಿಗೂ ಹೋಗುವುದಿಲ್ಲ. ಸುತ್ತಿಕೊಂಡ ಹಗ್ಗ ಬೆರಳನ್ನೇ ಕಿತ್ತುಬಿಡಬಹುದು, ಮಗುವನ್ನು ನೆಲದ ಮೇಲೆ ಎಳೆದೊಯ್ಯಬಹುದು. "ಬಿಡು" ಎಂದ ತಕ್ಷಣ ಬಿಡುವುದನ್ನು ಮನೆಯಲ್ಲಿ ನೀವು ಕುದುರೆಯಾಗಿ, ಮಗು ಹಗ್ಗ ಹಿಡಿದು, ಇಪ್ಪತ್ತು ಸಲ ಅಭ್ಯಾಸ ಮಾಡಿಸಿ.

ನಡೆಸುವಾಗ ಹಗ್ಗ ಜಗ್ಗಬೇಡಿ. ಮೆತ್ತಗೆ ಬಿಗಿ ಮಾಡಿ ಕಾಯಿರಿ. ಒಂದು ಹೆಜ್ಜೆ ಇಟ್ಟ ಕೂಡಲೇ ಸಡಿಲ ಬಿಡಿ. ದಿನಕ್ಕೆ ಇಪ್ಪತ್ತು ನಿಮಿಷ ಸಾಕು.

ಇನ್ನೊಂದು ತಪ್ಪು ನಾನೇ ಮಾಡಿದ್ದು. ನಾಲ್ಕು ದಿನ ಚೆನ್ನಾಗಿ ನಡೆಯಿತು ಅಂತ ಮೂರು ಎಕರೆ ಹುಲ್ಲುಗಾವಲಿಗೆ ಬಿಟ್ಟೆ. ಮತ್ತೆ ಹಿಡಿಯಲು ಒಂಬತ್ತು ದಿನ ಬೇಕಾಯಿತು. ಅಷ್ಟರಲ್ಲಿ ಮಗಳ ಆರು ವಾರದ ಕೆಲಸ ಹಾಳಾಗಿತ್ತು. ಕರೆದಾಗ ಬರುವವರೆಗೆ, ಹಾಲ್ಟರ್ ಹಾಕಲು ತಲೆ ತಾನಾಗಿ ತಗ್ಗಿಸುವವರೆಗೆ ಚಿಕ್ಕ ದೊಡ್ಡಿಯೇ ಇರಲಿ. ಯಾರೂ ಹತ್ತಿರ ಇಲ್ಲದಾಗ ಹಾಲ್ಟರ್ ಹಾಕಿ ಬಿಡಬೇಡಿ. ಬೇಲಿಗೆ ಸಿಕ್ಕಿಕೊಂಡರೆ ಕತ್ತು ಮುರಿಯುತ್ತದೆ.

8. ಗೊರಸು, ವೈದ್ಯರು, ಸವಾರಿ

ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಬೇಕು. ಹೆಗಲಿನಿಂದ ಕೆಳಕ್ಕೆ ಕಾಲಿನವರೆಗೆ ಕೈ ಆಡಿಸುವುದನ್ನು ದಿನಾ ಮಾಡಿ. ಹಿಂಗಾಲಿನ ಅಭ್ಯಾಸ ತರಬೇತುದಾರರದ್ದು, ಮಗುವಿನದಲ್ಲ. ಸವಾರಿಯ ಮಾತು ಮೊದಲ ಆರು ತಿಂಗಳು ಎತ್ತಲೇಬೇಡಿ. ಮೊದಲು ಜೀನು ಹಾಕಿ ಕೂರುವವರು ಅನುಭವಿ ದೊಡ್ಡವರೇ ಆಗಿರಲಿ. ಮೂರು ವರ್ಷ ತುಂಬದ ಕುದುರೆಯ ಬೆನ್ನಿನ ಮೇಲೆ ಭಾರ ಬೇಡ.

9. ಒಂದು ವರ್ಷ ತುಂಬಿದ ಮೇಲೆ

ಮೊದಲ ಒಂದು ವರ್ಷ ಕುದುರೆ ಸರ್ಕಾರದ್ದೇ. ನೀವು ಅದನ್ನು ಮಾರುವಂತಿಲ್ಲ. 30 ದಿನಕ್ಕಿಂತ ಜಾಸ್ತಿ ಬೇರೆ ಜಾಗದಲ್ಲಿ ಇಡಬೇಕಾದರೆ ಒಪ್ಪಿಗೆ ಬೇಕು. ತಪ್ಪಿಸಿಕೊಂಡರೆ, ಸತ್ತರೆ 7 ದಿನದೊಳಗೆ ತಿಳಿಸಬೇಕು. ವರ್ಷ ತುಂಬಿದ ಮೇಲೆ, ಚೆನ್ನಾಗಿ ನೋಡಿಕೊಂಡಿದ್ದಾರೆ ಅಂತ ಪಶುವೈದ್ಯರು ಇಲ್ಲವೇ ಇಲಾಖೆ ಒಪ್ಪುವ ಬೇರೊಬ್ಬರು ಬರೆದುಕೊಟ್ಟರೆ ಒಡೆತನದ ಪತ್ರ ಬರುತ್ತದೆ. ಅದಕ್ಕೆ ಟೈಟಲ್ ಎನ್ನುತ್ತಾರೆ. ಅರ್ಜಿ ಹಾಕುವುದನ್ನು ಮರೆಯಬೇಡಿ, ತಾನಾಗಿ ಬರುವುದಿಲ್ಲ.

10. ಕೂಡಿ ಬರದಿದ್ದರೆ

ಕೆಲವು ಜೋಡಿ ಕೂಡಿ ಬರುವುದಿಲ್ಲ. ಮಗುವಿಗೆ ಭಯ ಹೋಗದೇ ಇರಬಹುದು. ಕುದುರೆಗೆ ಇನ್ನೂ ಅನುಭವಿ ಕೈ ಬೇಕಾಗಿರಬಹುದು. ಟೈಟಲ್ ಬರುವ ಮುಂಚೆ ಬಿಎಲ್‌ಎಂ ಕಚೇರಿಗೆ ಬರೆದು ಕುದುರೆಯನ್ನು ಹಿಂದಿರುಗಿಸಬಹುದು. ಅವರ ಒಪ್ಪಿಗೆಯ ಮೇಲೆ ಇನ್ನೊಬ್ಬ ಅರ್ಹರಿಗೆ ವಹಿಸಲೂ ದಾರಿ ಇದೆ. ಟೈಟಲ್ ಬಂದ ಮೇಲೆ ಹರಾಜಿಗೆ ಮಾತ್ರ ಕಳಿಸಬೇಡಿ. ಅಲ್ಲಿ ಕೊಳ್ಳುವವರು ಯಾರು, ಎಲ್ಲಿಗೆ ಒಯ್ಯುತ್ತಾರೆ ಎನ್ನುವುದು ನಿಮ್ಮ ಕೈಯಲ್ಲಿ ಇರುವುದಿಲ್ಲ.

ಕೊಡುವ ದಿನ ಶಾಲೆಗೆ ರಜೆ ಹಾಕಿಸಿ ಮಗುವನ್ನು ಜೊತೆಗೆ ಕರೆದುಕೊಂಡು ಹೋಗಿ. ಮಗು ಶಾಲೆಯಿಂದ ಬರುವಷ್ಟರಲ್ಲಿ ದೊಡ್ಡಿ ಖಾಲಿಯಾಗಿರಬಾರದು. ಕುದುರೆಗೆ ಯಾವ ಹುಲ್ಲು ಇಷ್ಟ, ಯಾವ ಕಡೆಯಿಂದ ಮುಟ್ಟಿದರೆ ಹೆದರುತ್ತದೆ, ಎಲ್ಲಿ ಕೆರೆದರೆ ಕಣ್ಣು ಮುಚ್ಚುತ್ತದೆ ಅಂತ ಮಗುವಿನ ಕೈಯಲ್ಲೇ ಒಂದು ಹಾಳೆ ಬರೆಸಿ, ಮುಂದೆ ನೋಡಿಕೊಳ್ಳುವವರಿಗೆ ಕೊಡಿಸಿ.